ದೋಫಾರ್‌ನಲ್ಲಿ ಓಡಾಡಿದ ಎರಡು ಕೊಂಬಿನ ದೈತ್ಯ: ಘೇಂಡಾಮೃಗ ಅಲ್ಲ, ಆನೆಯ ನೆಂಟ!

ಸಲಾಲಾ: ಖರೀಫ್ ಶುರುವಾಯ್ತು ಅಂದ್ರೆ ಮಸ್ಕತ್‌ನ ಕನ್ನಡಿಗರು ರಜೆ ಹೊಂದಿಸಿಕೊಂಡು ಸಲಾಲಾಕ್ಕೆ ಹೊರಡುತ್ತಾರೆ. ಆ ಮಂಜು, ಜಿಟಿಜಿಟಿ ಮಳೆ, ಹಸಿರು ಗುಡ್ಡ ನೋಡಿದರೆ ಕರಾವಳಿಯವರಿಗೆ ಊರಿಗೇ ಹೋದ ಹಾಗೆ. ಇದೇ ದೋಫಾರ್ ಸೀಮೆಯಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಆರ್ಸಿನೊಯಿಥೇರಿಯಂ ಎಂಬ ಗೊರಸಿನ ದೈತ್ಯ ಪ್ರಾಣಿ ಬದುಕಿತ್ತು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ.

ಸುಮಾರು 3 ಮೀಟರ್ ಉದ್ದ, ಆಳೆತ್ತರದ ಭುಜ, ಮೂಗಿನ ಮೇಲೆ ಅಕ್ಕಪಕ್ಕ ಎರಡು ಭಾರೀ ಕೊಂಬು. ನೋಡಿದವರು ಘೇಂಡಾಮೃಗ ಅಂದೇ ಅಂದುಕೊಳ್ಳಬೇಕು. ಆದರೆ ಘೇಂಡಾಮೃಗದ ಕೊಂಬು ನಮ್ಮ ಉಗುರಿನಂಥದ್ದೇ ವಸ್ತುವಿನಿಂದ ಆದದ್ದು. ಇದರದ್ದು ಒಳಗೆ ಟೊಳ್ಳಾದ ಮೂಳೆ. ಇದರ ನಿಜವಾದ ನೆಂಟರು ಆನೆ, ಕಡಲಹಸು ಮತ್ತು ಹೈರಾಕ್ಸ್. ಮೊಲದಷ್ಟೇ ಇರುವ ಹೈರಾಕ್ಸ್ ದೋಫಾರ್‌ನ ಬಂಡೆಗಳ ನಡುವೆ ಇವತ್ತಿಗೂ ಇದೆ!

ಈ ಪ್ರಾಣಿಗೆ 1902ರಲ್ಲಿ ಹೆಸರಿಟ್ಟದ್ದು ಈಜಿಪ್ಟಿನ ಫಯ್ಯೂಮ್‌ನಲ್ಲಿ ಸಿಕ್ಕ ಮೂಳೆಗಳನ್ನು ನೋಡಿ. ಅಲ್ಲಿನ ಪ್ರಾಚೀನ ರಾಣಿ ಆರ್ಸಿನೊಯಿಯ ಹೆಸರೇ ಇದಕ್ಕೂ ಬಂತು. ಒಮಾನ್‌ನಲ್ಲಿ ಸಿಕ್ಕ ಪಳೆಯುಳಿಕೆಯ ವರದಿ 2008ರಲ್ಲಿ ಪ್ರಕಟವಾಯಿತು. ಅದು ದೋಫಾರ್‌ನ ಐದಿಂ ಎಂಬ ಶಿಲಾಸ್ತರದ್ದು, ಸುಮಾರು 3.4 ಕೋಟಿ ವರ್ಷಗಳಿಗೂ ಹಿಂದಿನದು.

ಫಯ್ಯೂಮ್‌ಗೂ ದೋಫಾರ್‌ಗೂ ನಡುವೆ 2,000 ಕಿ.ಮೀ.ಗೂ ಹೆಚ್ಚು ದೂರ, ಮಧ್ಯೆ ಕೆಂಪು ಸಮುದ್ರ. ಅಷ್ಟು ಭಾರದ ಪ್ರಾಣಿ ದಾಟಿದ್ದಾದರೂ ಹೇಗೆ? ಉತ್ತರ ಸುಲಭ: ಆಗ ಕೆಂಪು ಸಮುದ್ರವೇ ಇರಲಿಲ್ಲ. ಅರೇಬಿಯಾ ಆಫ್ರಿಕಾಕ್ಕೆ ಅಂಟಿಕೊಂಡಿತ್ತು. ಭೂಮಿ ಸೀಳಿ ಸಮುದ್ರ ಒಳಬಂದದ್ದು ಆಮೇಲೆ. ಒಮಾನ್‌ನ ಮೂಳೆ ಹೇಳುವ ದೊಡ್ಡ ಕಥೆ ಇದೇ.

ಆದರೆ ಮೂಳೆ ಕಥೆ ಹೇಳಬೇಕಾದರೆ ಅದು ಸಿಕ್ಕ ಜಾಗ ಗೊತ್ತಿರಬೇಕು. ಯಾವ ಪದರದ ಕಲ್ಲಿನಲ್ಲಿತ್ತು ಅನ್ನೋದರಿಂದಲೇ ಅದರ ವಯಸ್ಸು ತಿಳಿಯುತ್ತದೆ. ಕಿತ್ತು ಮನೆಗೆ ತಂದು ಶೋಕೇಸ್‌ನಲ್ಲಿಟ್ಟರೆ ಅದು ಬರೀ ಕಲ್ಲು. ರಸ್ತೆ, ಕಟ್ಟಡ, ಪೈಪ್‌ಲೈನ್ ಸೈಟ್‌ಗಳಲ್ಲಿ ನೆಲ ಅಗೆಯುವವರಲ್ಲಿ ನಮ್ಮವರೂ ಬಹಳ ಮಂದಿ. ಅಂಥದ್ದೊಂದು ಮೊದಲು ಕಣ್ಣಿಗೆ ಬೀಳುವುದು ಜೆಸಿಬಿ ಓಡಿಸುವವನಿಗೇ ಇರಬಹುದು. ಹಲ್ಲಿನಂಥದ್ದೋ ಮೂಳೆಯಂಥದ್ದೋ ಕಲ್ಲಿನಲ್ಲಿ ಕಂಡರೆ ಕೀಳಬೇಡಿ. ಇದ್ದ ಹಾಗೇ ಫೋಟೊ ತೆಗೆದು, ಜಾಗ ಗುರುತು ಮಾಡಿ, ಸೈಟ್ ಇಂಜಿನಿಯರ್‌ಗೆ ತಿಳಿಸಿ.