ಹದಿನಾಲ್ಕರ ತಲೆಯ ಲೆಕ್ಕ

ಹೈದರಾಬಾದಿನ ಮನೆಗಳಲ್ಲಿ ಹದಿಹರೆಯದ ತಲೆಯನ್ನು ಅಳೆಯುವುದು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ರ‍್ಯಾಂಕಿನಿಂದ. ಆ ತಲೆಯೊಳಗಿನ ಅಂಕಿಗಳ ಮುಂದೆ ಮೊದಲ ರ‍್ಯಾಂಕೂ ಸಪ್ಪೆ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಹರೆಯಕ್ಕೆ ಗಂಟೆ ಹೊಡೆಯುವವು ಅವುಗಳಲ್ಲಿ ಒಂದೆರಡು ಸಾವಿರ ಮಾತ್ರ. ನಾಲ್ಕು ಕೋಟಿಗೊಂದೂ ಇಲ್ಲ! 2011ರ ಜನಗಣತಿಯಲ್ಲಿ ಇಡೀ ತೆಲಂಗಾಣವೇ 3.5 ಕೋಟಿ. ಅಷ್ಟು ಜನರ ನಡುವೆ ಒಬ್ಬ ಎದ್ದು ಕೂಗಿದ. ಮೀಸೆ ಚಿಗುರಿತು, ದನಿ ಒಡೆಯಿತು, ಕೋಣೆಯ ಬಾಗಿಲು ದಢಾರನೆ ಬಡಿಯಿತು. ಹುಡುಗರ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಇಪ್ಪತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ಎತ್ತರವೂ ಹಾಗೇ ಏರಿದ್ದರೆ ನಾಲ್ಕೂವರೆ ಅಡಿಯ ಪೋರ 90 ಅಡಿಯಾಗಿ, ಚಾರ್‌ಮಿನಾರಿನ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತಿದ್ದ.

ಹರೆಯದ ಮಿದುಳು ತನ್ನ ಕೊಂಡಿಗಳನ್ನು ಕಳೆದುಕೊಳ್ಳುವ ವೇಗವಂತೂ ನಂಬಲಾಗದ್ದು. ಹರೆಯದ ಮಕಾಕ್ ಕೋತಿಯ ದೃಷ್ಟಿಕೇಂದ್ರವೊಂದರಲ್ಲೇ ಸೆಕೆಂಡಿಗೆ ಸುಮಾರು 5,000 ಸಿನಾಪ್ಸುಗಳು, ಅಂದರೆ ನರಕೋಶಗಳ ನಡುವಿನ ಕೊಂಡಿಗಳು, ಮಾಯವಾಗುತ್ತವೆಂದು 1993ರಲ್ಲಿ ಲೆಕ್ಕ ಸಿಕ್ಕಿತು. ತಲೆಗೊಂದು ಕೊಂಡಿಯಂತೆ ಹಂಚಿದರೆ 2011ರ ಹೈದರಾಬಾದ್ ಮಹಾನಗರದ 67 ಲಕ್ಷ ಜನರ ಸರದಿ 23 ನಿಮಿಷದೊಳಗೆ ಮುಗಿಯಿತು. ದಿನಕ್ಕೆ 43 ಕೋಟಿ. ಅದೂ ಕೋತಿಯದು, ಅದೂ ಮಿದುಳಿನ ಒಂದು ಮೂಲೆ!

ಉಳಿದ ಕೊಂಡಿಗಳ ನರತಂತುಗಳಲ್ಲಿ ಹಲವಕ್ಕೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ. ಬರಿಮೈಯ ತಂತುವಿನಲ್ಲಿ ಸಂದೇಶ ಸೆಕೆಂಡಿಗೆ 2 ಮೀಟರ್ ಹೋದರೆ, ದಪ್ಪ ಹೊದಿಕೆಯದರಲ್ಲಿ 120 ಮೀಟರ್. ಆ ಲೆಕ್ಕದಲ್ಲಿ 570 ಕಿ.ಮೀ. ಆಚೆಯ ಬೆಂಗಳೂರಿಗೆ ಮೂರು ದಿನದ ಬದಲು ಒಂದು ಗಂಟೆ ಇಪ್ಪತ್ತು ನಿಮಿಷ! ತಾಳ್ಮೆಯಿಂದ ಯೋಚಿಸುವ ಹಣೆಯ ಹಿಂದಿನ ಭಾಗಕ್ಕೆ ಮಾತ್ರ ಹೊದಿಕೆ ಕೊನೆಗೆ. 20 ದಾಟಿದರೂ ಕಾಮಗಾರಿ ನಡೆದೇ ಇರುತ್ತದೆ. (ಸಿಟ್ಟು ಅಷ್ಟೆಲ್ಲ ಕಾಯುವುದಿಲ್ಲ, ತಂದೆತಾಯಿ ಬಲ್ಲರು.)

ಮುಂದಿನ ಅಂಕಿಗೆ ನಗು ಬಾರದು. 192 ಅಧ್ಯಯನಗಳ 7,08,561 ಜನರ ಲೆಕ್ಕ ಕೂಡಿಸಿದಾಗ, ಮನೋರೋಗಗಳು ಅತಿ ಹೆಚ್ಚಾಗಿ ಮೊದಲು ತಲೆಯೆತ್ತುವ ವಯಸ್ಸು ಹದಿನಾಲ್ಕೂವರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆರೈಕೆ ಬೇಕಾದ 13–17ರ ಮಕ್ಕಳು 98 ಲಕ್ಷ. ಒಂದೂವರೆ ಹೈದರಾಬಾದಿನಷ್ಟು! ಹಳ್ಳಿಗಳಲ್ಲಿ ನೂರಕ್ಕೆ 6.9, ಮಹಾನಗರಗಳಲ್ಲಿ 13.5.

ಕೊನೆಯದು ಎಲ್ಲಕ್ಕೂ ದೊಡ್ಡದು. 20ರ ಹೊತ್ತಿಗೆ ಮಿದುಳಿನ ಹೊದಿಕೆಯುಳ್ಳ ತಂತುಗಳನ್ನು ಉದ್ದಕ್ಕೆ ಜೋಡಿಸಿದರೆ ಹುಡುಗನಲ್ಲಿ 1.76 ಲಕ್ಷ ಕಿ.ಮೀ., ಹುಡುಗಿಯಲ್ಲಿ 1.49 ಲಕ್ಷ ಎಂದು ಡೆನ್ಮಾರ್ಕಿನವರು 2003ರಲ್ಲಿ ಅಂದಾಜು ಮಾಡಿದರು. ತಲೆಯೊಂದಕ್ಕೆ ಭೂಮಿಯ ಸುತ್ತ ಸರಾಸರಿ ನಾಲ್ಕು ಸುತ್ತು! 2011ರಲ್ಲಿ 10–19ರ ಭಾರತೀಯರು 25.3 ಕೋಟಿ. ಅವರೆಲ್ಲರದನ್ನೂ ಗಂಟು ಹಾಕಿದರೆ 41 ಲಕ್ಷ ಕೋಟಿ ಕಿ.ಮೀ.; ಸೂರ್ಯನಾಚೆಯ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಇರುವುದು 40 ಲಕ್ಷ ಕೋಟಿಯಲ್ಲಿ. ಮುಟ್ಟಿತು! ಆದರೆ ಹೈದರಾಬಾದಿನ ಐಐಐಟಿ 2019ರಲ್ಲಿ 21–30ರ ನೂರು ಮಂದಿಯ ಎಂಆರ್‌ಐ ಆಧರಿಸಿ ಭಾರತೀಯ ಮಿದುಳಿನ ನಕ್ಷೆ ಬರೆದು, ನಮ್ಮದು ಪಾಶ್ಚಾತ್ಯರದಕ್ಕಿಂತ ಸರಾಸರಿ ತುಸು ಚಿಕ್ಕದು ಎಂದುಬಿಟ್ಟಿತು. ಹಾಗಾದರೆ ನಕ್ಷತ್ರ ಕೂದಲೆಳೆಯಲ್ಲಿ ತಪ್ಪಿಹೋದೀತು. ಹೋಗಲಿ, ಪ್ಲೂಟೊಗೆ ಮೂರು ಸಾವಿರ ಸಲ ಹೋಗಿಬರಲು ಸಾಕು.