ಕೆಡವಿದ ಕಟ್ಟಡಗಳು ಬಂದು ಸೇರಿದ ತೋಟ

ಟೊರಾಂಟೊ ನಗರದ ಪೂರ್ವದಲ್ಲಿ, ಒಂಟಾರಿಯೊ ಸರೋವರಕ್ಕೆ ಗೋಡೆ ಕಟ್ಟಿದಂತೆ ನಿಂತಿರುವ ಸ್ಕಾರ್ಬರೊ ಬ್ಲಫ್ಸ್ ಎಂಬ ಕಡಿದಾದ ಮಣ್ಣಿನ ದಿಬ್ಬಗಳ ನೆತ್ತಿಯ ಮೇಲೆ ಗಿಲ್ಡ್ ಪಾರ್ಕ್ ಇದೆ. ಸುಮಾರು 88 ಎಕರೆಯ ಈ ಉದ್ಯಾನದಲ್ಲಿ ಹೂವಿಗಿಂತ ಮೊದಲು ಕಣ್ಣಿಗೆ ಬೀಳುವುದು ಕಲ್ಲು. ಹುಲ್ಲಿನ ನಡುವೆ ಕಂಬಗಳಿವೆ, ಕಮಾನುಗಳಿವೆ, ಹಿಂದೆ ಮನೆಯೇ ಇಲ್ಲದ ಬಾಗಿಲುವಾಡಗಳಿವೆ. ಇವೆಲ್ಲ ಟೊರಾಂಟೊ ಪೇಟೆಯಲ್ಲಿ ಒಂದು ಕಾಲಕ್ಕೆ ತಲೆ ಎತ್ತಿ ನಿಂತಿದ್ದು, ಆಮೇಲೆ ನೆಲಸಮವಾದ ಹತ್ತಾರು ಕಟ್ಟಡಗಳ ತುಂಡುಗಳು.

ಊರಿನಿಂದ ಅಪ್ಪ ಅಮ್ಮ ಬಂದರೆ ಇಲ್ಲಿನ ಕನ್ನಡದ ಮನೆಗಳವರು ಕರೆದೊಯ್ಯುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ: ನಯಾಗರ, ಸಿ.ಎನ್. ಟವರ್, ತೌಸಂಡ್ ಐಲೆಂಡ್ಸ್, ರಿಚ್ಮಂಡ್ ಹಿಲ್‌ನ ವಿಷ್ಣು ಮಂದಿರ. ಮದುವೆಯ ಫೋಟೊ ತೆಗೆಸಿಕೊಳ್ಳುವವರಿಗೆ ಗಿಲ್ಡ್ ಪಾರ್ಕ್ ಚೆನ್ನಾಗಿ ಗೊತ್ತು. ಪ್ರವಾಸಿಗರ ಪಟ್ಟಿಯಲ್ಲಿ ಅದರ ಹೆಸರು ಅಪರೂಪ.

ಇಲ್ಲಿನ ಮೂಲ ಬಂಗಲೆ 1914ರದು, ಕರ್ನಲ್ ಹೆರಾಲ್ಡ್ ಬಿಕ್‌ಫರ್ಡ್ ಕಟ್ಟಿಸಿದ್ದು. ಕೆಲವು ಕೈ ಬದಲಾಗಿ 1932ರಲ್ಲಿ ಅದು ರೋಸಾ ಹ್ಯುಯೆಟ್ಸನ್ ಎಂಬ ಸ್ಥಿತಿವಂತ ವಿಧವೆಯ ಪಾಲಾಯಿತು. ಅದೇ ವರ್ಷ ಅವರು ಸ್ಪೆನ್ಸರ್ ಕ್ಲಾರ್ಕ್ ಅವರನ್ನು ಮದುವೆಯಾದರು. ಆರ್ಥಿಕ ಮುಗ್ಗಟ್ಟು ಜಗತ್ತನ್ನೇ ಹಿಂಡುತ್ತಿದ್ದ ಕಾಲ. ನ್ಯೂಯಾರ್ಕ್ ರಾಜ್ಯದ ಈಸ್ಟ್ ಅರೋರಾದಲ್ಲಿದ್ದ ರಾಯ್‌ಕ್ರಾಫ್ಟ್ ಎಂಬ ಕುಶಲಕರ್ಮಿಗಳ ನೆಲೆಯನ್ನು ನೋಡಿ ಬಂದ ದಂಪತಿ, ಅಂಥದ್ದೇ ಒಂದನ್ನು ಇಲ್ಲಿ ಶುರುಮಾಡಿ ‘ಗಿಲ್ಡ್ ಆಫ್ ಆಲ್ ಆರ್ಟ್ಸ್’ ಎಂದು ಹೆಸರಿಟ್ಟರು. ನೇಯ್ಗೆಯವರು, ಕುಂಬಾರರು, ಮರಗೆಲಸದವರು, ಲೋಹದ ಕೆಲಸದವರು ಇಲ್ಲೇ ಇದ್ದು ದುಡಿದರು. ಅವರ ಕೆಲಸ ನೋಡಲು ಜನ ಬರತೊಡಗಿದಾಗ ಊಟದ ವ್ಯವಸ್ಥೆ ಬೇಕಾಯಿತು, ಉಳಿಯಲು ಕೋಣೆಗಳು ಬೇಕಾದವು. ಗಿಲ್ಡ್ ಇನ್ ಎಂಬ ಹೋಟೆಲು ಹುಟ್ಟಿದ್ದು ಹಾಗೆ. ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡು ಮೊದಲು ನೌಕಾಪಡೆಯ ಮಹಿಳಾ ದಳಕ್ಕೆ, ಬಳಿಕ ಯುದ್ಧದಲ್ಲಿ ಮನಸ್ಸು ಕೆಟ್ಟ ಸೈನಿಕರ ಆಸ್ಪತ್ರೆಗೆ ಬಳಸಿತು.

ಯುದ್ಧ ಮುಗಿದ ಮೇಲೆ ಕ್ಲಾರ್ಕ್ ದಂಪತಿ ಜಮೀನಿನ ದೊಡ್ಡ ಭಾಗವನ್ನು ಬಡಾವಣೆಗೆ ಮಾರಿದರು. ಅದೇ ಇಂದಿನ ಗಿಲ್ಡ್‌ವುಡ್ ವಿಲೇಜ್. ಕಿಂಗ್‌ಸ್ಟನ್ ರಸ್ತೆಯಿಂದ ಬಡಾವಣೆಗೆ ತಿರುಗುವಲ್ಲಿ ನಿಂತಿರುವ ಹೆಬ್ಬಾಗಿಲು ಪಶ್ಚಿಮ ಟೊರಾಂಟೊದ ಸೇನಾ ನೆಲೆ ಸ್ಟ್ಯಾನ್ಲಿ ಬ್ಯಾರಕ್ಸ್‌ನದು. ಈ ಕಿಂಗ್‌ಸ್ಟನ್ ರಸ್ತೆಗೂ ತನ್ನದೇ ಕಥೆಯಿದೆ. ಮಾಂಟ್ರಿಯಲ್ ಕಡೆಯಿಂದ ಬರುವ ಹಳೆಯ 2ನೇ ಹೆದ್ದಾರಿ ಇದೇ ಆಗಿದ್ದ ಕಾಲದಲ್ಲಿ ಇದರ ಎರಡೂ ಬದಿಗೆ ಮೋಟೆಲುಗಳ ಸಾಲು, ನಿಯಾನ್ ಬೋರ್ಡುಗಳ ಸಾಲು. 1950ರ ದಶಕದಲ್ಲಿ 401ನೇ ಹೆದ್ದಾರಿ ಬಂತು; ವಾಹನಗಳು ಅತ್ತ ಹೊರಳಿದವು. ಗಿರಾಕಿಯಿಲ್ಲದ ಮೋಟೆಲುಗಳು ಮುಂದೆ ನೆಲೆಯಿಲ್ಲದ ಕುಟುಂಬಗಳಿಗೂ ನಿರಾಶ್ರಿತರಿಗೂ ತಂಗುದಾಣವಾಗಿ, ಒಂದೊಂದಾಗಿ ಉರುಳಿ, ಜಾಗ ಕಾಂಡೊಗಳಿಗೂ ಸಾಲುಮನೆಗಳಿಗೂ ಹೋಯಿತು. ಕೆನಡಾಕ್ಕೆ ಕಾಲಿಟ್ಟು ಮೊದಲ ರಾತ್ರಿಗಳನ್ನು ಅಲ್ಲಿ ಕಳೆದವರು ಇಂದು ಅದೇ ರಸ್ತೆಯಲ್ಲಿ ಹೋದರೆ ಗುರುತಿಗೆ ಒಂದು ಬೋರ್ಡೂ ಸಿಗುವುದು ಕಷ್ಟ.

ಪೇಟೆಯ ನಡುವೆ ಇದಕ್ಕಿಂತ ದೊಡ್ಡ ಕೆಡಹುವಿಕೆ ನಡೆಯಿತು. 1960 ಮತ್ತು 70ರ ದಶಕಗಳಲ್ಲಿ ಕಿಂಗ್ ಮತ್ತು ಬೇ ಬೀದಿಗಳು ಕೂಡುವ ಮೂಲೆ ಪೂರ್ತಿ ಬದಲಾಯಿತು. ಸ್ಪೆನ್ಸರ್ ಕ್ಲಾರ್ಕ್ ಕೆಡಹುತ್ತಿದ್ದ ಜಾಗಗಳಿಂದ ಕೆತ್ತನೆಯ ಕಲ್ಲುಗಳನ್ನು ಪಡೆದು ಲಾರಿಗಳಲ್ಲಿ ತರಿಸಿದರು. ಹೀಗೆ ಬಂದ ಕಟ್ಟಡಗಳಲ್ಲಿ ಮೊಹಾಕ್ ಮೂಲನಿವಾಸಿ ವೈದ್ಯ ಓರೊನ್ಯಾಟೆಕಾ ಅವರ ನೇತೃತ್ವದಲ್ಲಿ ಫಾರೆಸ್ಟರ್ಸ್ ಸಂಘ ಕಟ್ಟಿಸಿ, 1970ರಲ್ಲಿ ಉರುಳಿದ ಟೆಂಪಲ್ ಬಿಲ್ಡಿಂಗ್ ಇದೆ. 1929ರ ಟೊರಾಂಟೊ ಸ್ಟಾರ್ ಪತ್ರಿಕೆಯ ಕಟ್ಟಡವಿದೆ. ಸೂಪರ್‌ಮ್ಯಾನ್ ಕೆಲಸ ಮಾಡುವ ಡೈಲಿ ಪ್ಲಾನೆಟ್ ಕಚೇರಿಗೆ ಮಾದರಿ ಅದೇ ಎನ್ನುತ್ತಾರೆ, ಆ ಪಾತ್ರದ ಚಿತ್ರಕಾರ ಜೋ ಶುಸ್ಟರ್ ಹುಟ್ಟಿದ್ದು ಟೊರಾಂಟೊದಲ್ಲಿ. ಬ್ಯಾಂಕ್ ಆಫ್ ಮಾಂಟ್ರಿಯಲ್ ಕಟ್ಟಡದಿಂದ ಬಂದ ಪ್ರಾಂತ್ಯಗಳ ಉಬ್ಬುಶಿಲ್ಪಗಳು ನಿಂತು ನೋಡಬೇಕಾದವು. ಅವನ್ನು ಕೆತ್ತಿದವರಲ್ಲಿ ಫ್ರಾನ್ಸಿಸ್ ಲೋರಿಂಗ್, ಫ್ಲಾರೆನ್ಸ್ ವೈಲ್, ಎಲಿಜಬೆತ್ ವಿನ್ ವುಡ್, ಜಾಕೋಬಿನ್ ಜೋನ್ಸ್ ಎಂಬ ಮಹಿಳೆಯರಿದ್ದಾರೆ. ಬ್ಯಾಂಕಿನ ಎತ್ತರದ ಗೋಡೆಯಲ್ಲಿದ್ದ ಈ ಕೆಲಸ ಈಗ ಆಳೆತ್ತರದಲ್ಲಿ ಸಿಗುತ್ತದೆ. ಕೆಡವಿದ್ದರಿಂದ ಆದ ಲಾಭ ಇದೊಂದೇ ಇರಬೇಕು.

ಉದ್ಯಾನದ ಮುಖ್ಯ ಆಕರ್ಷಣೆ ಗ್ರೀಕ್ ಥಿಯೇಟರ್. ಕಿಂಗ್–ಬೇ ಮೂಲೆಯಲ್ಲಿದ್ದ ಬ್ಯಾಂಕ್ ಆಫ್ ಟೊರಾಂಟೊ ಪ್ರಧಾನ ಕಚೇರಿಯನ್ನು ವಿನ್ಯಾಸ ಮಾಡಿದವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಕಟ್ಟಿದ ಕ್ಯಾರೆರ್ ಮತ್ತು ಹೇಸ್ಟಿಂಗ್ಸ್. ಟೊರಾಂಟೊ–ಡೊಮಿನಿಯನ್ ಸೆಂಟರ್‌ನ ಕಪ್ಪು ಗೋಪುರಗಳಿಗೆ ಜಾಗ ಮಾಡಲು 1966ರಲ್ಲಿ ಅದನ್ನು ಕೆಡವಿದರು. ಅದರ ಬಿಳಿಯ ಅಮೃತಶಿಲೆಯ ಕಂಬ, ಕಮಾನುಗಳನ್ನು ಜೋಡಿಸಿ ವಾಸ್ತುಶಿಲ್ಪಿ ರಾನ್ ಥಾಮ್ 1982ರಲ್ಲಿ ಒಂದು ಬಯಲು ರಂಗಮಂಟಪ ರೂಪಿಸಿದರು. ಕಂಬದ ತಲೆಯಲ್ಲಿ ಕೊರಿಂಥಿಯನ್ ಶೈಲಿಯ ಸುರುಳಿ ಎಲೆಗಳು. ಮೇಲೆ ಚಾವಣಿಯಿಲ್ಲ, ಹಿಂದೆ ಗೋಡೆಯಿಲ್ಲ, ಕಮಾನಿನ ಆಚೆ ಮರಗಳಷ್ಟೇ. ಬೇಸಿಗೆಯಲ್ಲಿ ಇಲ್ಲಿ ನಾಟಕಗಳು ನಡೆಯುತ್ತವೆ. ಹಣ ಎಣಿಸುತ್ತಿದ್ದ ಹಜಾರದ ಕಲ್ಲು ಕೊನೆಗೆ ನಟರ ಪಾಲಿಗೆ ಬಂತು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಸಾಹಸ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ, ಬೀಳಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು; ಕುಂಜೂರು ಚೌಕಿಮನೆ, ಕುಕನೂರಿನ ಕಮಲ ಮಹಲ್ ಅಲ್ಲಿ ಉಳಿದದ್ದು ಹಾಗೆ. ಆದರೆ ವ್ಯತ್ಯಾಸ ದೊಡ್ಡದು. ಶೆಣೈ ಇಡೀ ಮನೆಯನ್ನು ಉಳಿಸಿದರು, ಅಲ್ಲಿ ಬದುಕಿನ ರೀತಿಯೂ ಕಾಣುತ್ತದೆ. ಕ್ಲಾರ್ಕ್ ಉಳಿಸಿದ್ದು ಮುಖಗಳನ್ನು ಮಾತ್ರ.

ಅದರಲ್ಲೂ ಹೆಚ್ಚಾಗಿ ದುಡ್ಡಿದ್ದವರ ಮುಖಗಳನ್ನು. ಬ್ಯಾಂಕಿನ ಕಲ್ಲಿಗೆ ಬೆಲೆಯಿತ್ತು, ಉಳಿಯಿತು. ಬ್ಲೂರ್ ಮತ್ತು ಬ್ಯಾಥರ್ಸ್ಟ್ ಬೀದಿಗಳ ಮೂಲೆಯಲ್ಲಿ 1948ರಿಂದ ಇದ್ದ ‘ಆನೆಸ್ಟ್ ಎಡ್ಸ್’ ಅಂಗಡಿಗೆ ಅಂಥ ಕಲ್ಲಿರಲಿಲ್ಲ. ಸಾವಿರಾರು ಬಲ್ಬುಗಳ ಬೋರ್ಡು, ಕೈಯಲ್ಲಿ ಬರೆದ ಬೆಲೆಪಟ್ಟಿ, ಅಗ್ಗದ ಪಾತ್ರೆ ಮತ್ತು ಬಟ್ಟೆ ಅದರ ಆಸ್ತಿ. ಹೊಸದಾಗಿ ಬಂದ ಎಷ್ಟೋ ವಲಸಿಗರು ಸಂಸಾರ ಹೂಡಿದ್ದು ಅಲ್ಲಿ ಕೊಂಡ ಸಾಮಾನಿನಿಂದಲೇ. 2014ರಲ್ಲಿ ಕೈಬರಹದ ಫಲಕಗಳನ್ನು ಮಾರಾಟಕ್ಕಿಟ್ಟಾಗ ಕೊಳ್ಳಲು ಜನ ಗಂಟೆಗಟ್ಟಲೆ ಸಾಲುಗಟ್ಟಿದರು. 2016ರ ಡಿಸೆಂಬರ್ 31ರಂದು ಅಂಗಡಿ ಬಾಗಿಲು ಹಾಕಿತು. ಯಂಗ್ ಬೀದಿಯಲ್ಲಿ 2007ರಲ್ಲಿ ಮುಚ್ಚಿದ ‘ಸ್ಯಾಮ್ ದ ರೆಕಾರ್ಡ್ ಮ್ಯಾನ್’ ಅಂಗಡಿಯ ತಿರುಗುವ ನಿಯಾನ್ ತಟ್ಟೆಗಳಿಗೆ ಅದೃಷ್ಟವಿತ್ತು: 2018ರಲ್ಲಿ ಹತ್ತಿರದ ಕಟ್ಟಡವೊಂದರ ಮೇಲೆ ಮತ್ತೆ ಬೆಳಗಿದವು. ರಸ್ತೆಬದಿಯ ಇಂಥ ಗುರುತುಗಳಿಗೂ ಒಂದು ಗಿಲ್ಡ್ ಪಾರ್ಕ್ ಬೇಕಿತ್ತು.

1978ರಲ್ಲಿ ಉದ್ಯಾನ ಸರ್ಕಾರದ ಕೈಸೇರಿತು. ಹೋಟೆಲು 2001ರಲ್ಲಿ ಮುಚ್ಚಿ, ವರ್ಷಗಟ್ಟಲೆ ಹಾಳುಬಿದ್ದು, 2017ರಲ್ಲಿ ಬಿಕ್‌ಫರ್ಡ್ ಬಂಗಲೆಯನ್ನು ಉಳಿಸಿಕೊಂಡೇ ಸಮಾರಂಭಗಳ ಸಭಾಂಗಣವಾಯಿತು. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಗೋ ರೈಲಿನ ಲೇಕ್‌ಶೋರ್ ಈಸ್ಟ್ ಮಾರ್ಗದಲ್ಲಿ ಗಿಲ್ಡ್‌ವುಡ್ ನಿಲ್ದಾಣ ಹತ್ತಿರ. ಮದುವೆಯ ಫೋಟೊಗೆ ಮಾತ್ರ ನಗರಪಾಲಿಕೆಯ ಅನುಮತಿ ಪಡೆಯಬೇಕು. ದಿಬ್ಬದ ಅಂಚಿನ ಮಣ್ಣು ಕುಸಿಯುತ್ತಲೇ ಇರುವುದರಿಂದ, ಮಕ್ಕಳನ್ನು ಕರೆದೊಯ್ಯುವವರು ಬೇಲಿ ದಾಟದಿರುವುದು ಒಳ್ಳೆಯದು.