ಎಂಟುನೂರು ಡಾಲರಿನ ಕೈಗಳು

ವಿಕೆಟ್ ಕೀಪರ್ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ದಪ್ಪ ಗ್ಲೌಸು, ಕಾಲಿಗೆ ಪ್ಯಾಡು. ನಮ್ಮ ತಲೆಮಾರಿನವರಿಗೆ ಜೊತೆಯಲ್ಲೇ ಕಿರ್ಮಾನಿಯವರ ಮುಖವೂ ಬರುತ್ತದೆನ್ನಿ! ಅದೇ ಕೆಲಸವನ್ನು ಬರಿಗೈಯಲ್ಲಿ ಮಾಡಬೇಕಾಗಿದ್ದರೆ? ಸಂಬಳಕ್ಕಾಗಿ ಹಾಗೆ ದುಡಿದವನೊಬ್ಬನ ಕಥೆ ಇದು. "ಆಟವನ್ನೇ ಉದ್ಯೋಗ ಮಾಡಿಕೊಂಡರೆ ತಪ್ಪೇನು?" ಎಂದು ಮನೆಯಲ್ಲಿ ವಾದಕ್ಕಿಳಿಯುವ ನೀವು ಓದಲೇಬೇಕು.

ಫಿಲಡೆಲ್ಫಿಯಾದ ಡಗ್ ಆಲಿಸನ್ ಕಸುಬಿನಲ್ಲಿ ಅಮೃತಶಿಲೆ ಕೆತ್ತುವವನು. ಬೇಸ್‌ಬಾಲಿನಲ್ಲಿ ಕ್ಯಾಚರ್, ಅಂದರೆ ಬ್ಯಾಟುಗಾರನ ಹಿಂದೆ ನಿಂತು ಚೆಂಡು ಹಿಡಿಯುವವನು. ಆಗೆಲ್ಲ ಆಟಗಾರರಿಗೆ ಹಣ ಸಲ್ಲುತ್ತಿದ್ದದ್ದು ಗುಟ್ಟಾಗಿ. ೧೮೬೯ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡ ಮಾತ್ರ ಎಲ್ಲರಿಗೂ ಬಹಿರಂಗವಾಗಿ ಸಂಬಳ ಗೊತ್ತುಮಾಡಿತು. ಮಾರ್ಚಿಯಿಂದ ನವೆಂಬರ್‌ವರೆಗಿನ ಎಂಟು ತಿಂಗಳ ದುಡಿಮೆಗೆ ಶಾರ್ಟ್‌ಸ್ಟಾಪ್ ಜಾಗದ ಜಾರ್ಜ್ ರೈಟ್‌ಗೆ ೧,೪೦೦ ಡಾಲರ್, ನಾಯಕ ಹ್ಯಾರಿ ರೈಟ್‌ಗೆ ೧,೨೦೦, ಚೆಂಡೆಸೆಯುವ ಬ್ರೇನಾರ್ಡ್‌ಗೆ ೧,೧೦೦. ಆ ಬ್ರೇನಾರ್ಡ್ ಎಸೆದದ್ದನ್ನೆಲ್ಲ ಅಂಗೈಯೊಡ್ಡಿ ಹಿಡಿಯುತ್ತಿದ್ದ ಆಲಿಸನ್‌ಗೆ? ಕೇವಲ ೮೦೦! ಕೂಲಿಯವನ ಗಳಿಕೆಗಿಂತ ಅದು ಹೆಚ್ಚೇ, ನಿಜ. ಆದರೂ ಲೆಕ್ಕ ನನಗೇಕೋ ಸರಿಕಾಣದು.

ಮುಖಕ್ಕೆ ಜಾಲರಿಯಿಲ್ಲ, ಎದೆಗೆ ಕವಚವಿಲ್ಲ. ಆಗತಾನೆ ಪೂರ್ತಿಯಾಗಿದ್ದ ರೈಲುಮಾರ್ಗ ಹಿಡಿದು ತಂಡ ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿ ಆಡಿತು. ಆ ವರ್ಷ ಆಡಿದ ೫೭ ಮುಖ್ಯ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಇಷ್ಟಾಗಿ ವರ್ಷದ ಕೊನೆಗೆ ಕ್ಲಬ್ಬಿನ ಲೆಕ್ಕಪುಸ್ತಕದಲ್ಲಿ ಉಳಿದ ಲಾಭ ಎಷ್ಟು ಗೊತ್ತೇ? ೧ ಡಾಲರ್ ೩೯ ಸೆಂಟ್!

೧೮೭೦ರ ಜೂನಿನಲ್ಲಿ ನೊಂದ ಕೈಗಳಿಗೆ ಆಸರೆಯಾಗಿ ಆಲಿಸನ್ ಚರ್ಮದ ಕೈಗವಸು ತೊಟ್ಟು ಮೈದಾನಕ್ಕಿಳಿದ. ಸಿನ್ಸಿನಾಟಿಯ ಪತ್ರಿಕೆಯೊಂದು ಅದನ್ನು ಸುದ್ದಿ ಮಾಡಿತು. ಬೇಸ್‌ಬಾಲಿನಲ್ಲಿ ಗ್ಲೌಸಿನ ಬಗ್ಗೆ ಸಿಗುವ ಮೊದಲ ದಾಖಲೆಗಳಲ್ಲಿ ಅದೊಂದು. ಮುಖಕ್ಕೆ ಜಾಲರಿ ಬಂದದ್ದು ಇನ್ನೂ ಆರೇಳು ವರ್ಷದ ಮೇಲೆ.

೧೮೭೦ರ ಕೊನೆಗೆ ಕ್ಲಬ್ಬು ಸಂಬಳದ ತಂಡವನ್ನು ಕೈಬಿಟ್ಟಿತು. ಆಲಿಸನ್ ವಾಷಿಂಗ್ಟನ್, ಹಾರ್ಟ್‌ಫರ್ಡ್, ಪ್ರಾವಿಡೆನ್ಸ್ ಎಂದು ಊರೂರಿನ ತಂಡಗಳಲ್ಲಿ ಆಡಿದ. ೧೮೮೩ರಲ್ಲಿ ಬಾಲ್ಟಿಮೋರ್‌ಗಾಗಿ ಆಡಿದ ಒಂದೇ ಒಂದು ಪಂದ್ಯದೊಂದಿಗೆ ಎಲ್ಲ ಮುಗಿಯಿತು. ಆಮೇಲೆ ಹೊಟ್ಟೆಗೆ ದಾರಿಯಾದದ್ದು ವಾಷಿಂಗ್ಟನ್ನಿನ ಸರ್ಕಾರಿ ನೌಕರಿ. ಆತ ತೀರಿಕೊಂಡದ್ದು ೧೯೧೬ರಲ್ಲಿ. ದೊಡ್ಡ ಲೀಗುಗಳ ಆಟಗಾರರಿಗೆ ಪಿಂಚಣಿ ಯೋಜನೆ ಬಂದದ್ದು ೧೯೪೭ರಲ್ಲಿ.